ಪರ್ತ್‌ನಿಂದ ಬಸವನಗುಡಿಯ ಗೆಳೆಯರಿಗೆ: ಕುಲದೀಪ್ ಆಡಲೇಬೇಕು

ಕಳೆದ ತಿಂಗಳು ಬೆಂಗಳೂರಿಗೆ ಬಂದಿದ್ದಾಗ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದ ಬಳಿ ಹಳೆಯ ಗೆಳೆಯರೊಡನೆ ಬೈಟು ಕಾಫಿ ಕುಡಿಯುತ್ತ ಹುಟ್ಟಿದ, ಸ್ಪಿನ್ನರ್ ಕುಲದೀಪ್ ಯಾದವ್‌ನನ್ನು ಆಡಿಸಬೇಕೇ ಬೇಡವೇ ಎಂಬ ವಾದವೊಂದು ನಾನು ಪರ್ತ್‌ಗೆ ಮರಳಿದ ಮೇಲೂ ಫೋನಿನಲ್ಲಿ ಮುಂದುವರಿದಿದೆ. 2025ರ ಅಕ್ಟೋಬರ್ 19ರಂದು ಇಲ್ಲಿನ ಆಪ್ಟಸ್ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧದ ಏಕದಿನ ಸರಣಿ ಆರಂಭವಾಗಲಿದ್ದು, ರೋಹಿತ್ ಮತ್ತು ಕೊಹ್ಲಿ ಮರಳುತ್ತಿರುವುದರಿಂದ ಮುನ್ನೂರು ರನ್ನಿಗೆ ಮೋಸವಿಲ್ಲ ಎಂಬುದು ಗೆಳೆಯರ ಲೆಕ್ಕ. 2013ರಲ್ಲಿ ಇದೇ ಆಸ್ಟ್ರೇಲಿಯಾ ಎದುರು ಚಿನ್ನಸ್ವಾಮಿಯಲ್ಲಿ ರೋಹಿತ್ 209 ಹೊಡೆದದ್ದನ್ನು ಕಣ್ಣಾರೆ ಕಂಡವರಿಗೆ ಬೇರೆ ಲೆಕ್ಕ ಹೊಳೆಯುವುದು ಕಷ್ಟ. ಅಂದು ನಾನೂ ಅವರ ಪಕ್ಕದಲ್ಲೇ ಕುಳಿತಿದ್ದೆ.

ಆದರೆ ಇದು ಚಿನ್ನಸ್ವಾಮಿಯಲ್ಲ. ಹೊರಗೆ ಸಿದ್ಧಪಡಿಸಿ ತಂದು ಕೂರಿಸಿದ ಪಿಚ್ ಆದರೂ, ಸ್ವಾನ್ ನದಿಯಾಚೆಯ ಹಳೆಯ ವಾಕಾ ಮೈದಾನದ ಪುಟಿತ ಇಲ್ಲಿಗೂ ಬಂದಿದೆ. ಈ ಅಂಗಣದಲ್ಲಿ ಆಸ್ಟ್ರೇಲಿಯಾ ಆಡಿದ ಮೂರೂ ಏಕದಿನ ಪಂದ್ಯಗಳನ್ನು ಸೋತಿದೆ: 2018ರಲ್ಲಿ ಇಂಗ್ಲೆಂಡ್ ಮತ್ತು ದಕ್ಷಿಣ ಆಫ್ರಿಕಾ, 2024ರಲ್ಲಿ 140 ರನ್ನಿಗೆ ಆತಿಥೇಯರನ್ನು ಕೆಡವಿದ ಪಾಕಿಸ್ತಾನ. ಈ ಮೂರರಲ್ಲಿ ಯಾವ ತಂಡವೂ 260 ಮುಟ್ಟಿಲ್ಲ.

ಬೆನ್ನುನೋವಿನಿಂದ ಕಮಿನ್ಸ್ ಇಲ್ಲದಿದ್ದರೂ ಸ್ಟಾರ್ಕ್ ಮತ್ತು ಹೇಜಲ್‌ವುಡ್ ಕೈಯಲ್ಲಿ ಹೊಸ ಚೆಂಡಿರುವಾಗ ನಮ್ಮ ಮೊದಲ ಹತ್ತು ಓವರುಗಳ ಬಗ್ಗೆ ನನಗೆ ನಿಜಕ್ಕೂ ಭಯವಿದೆ. ರೋಹಿತ್ ಆಗಲಿ ಕೊಹ್ಲಿಯಾಗಲಿ ಮಾರ್ಚ್ 9ರ ಚಾಂಪಿಯನ್ಸ್ ಟ್ರೋಫಿ ಫೈನಲ್ ನಂತರ ಭಾರತಕ್ಕೆ ಆಡಿಯೇ ಇಲ್ಲ. ಗಿಲ್‌ಗೆ ಏಕದಿನ ನಾಯಕತ್ವ ಹೊಸದು. ನಾನು ನೆಚ್ಚಿಕೊಂಡಿರುವುದು ನಮ್ಮ ರಾಹುಲ್‌ನನ್ನು. ಕಳೆದ ವರ್ಷ ಇದೇ ಅಂಗಣದ ಟೆಸ್ಟ್‌ನಲ್ಲಿ ಜೈಸ್ವಾಲ್ ಜೊತೆ ಮೊದಲ ವಿಕೆಟ್‌ಗೆ 201 ರನ್ ಕೂಡಿಸುವಾಗ ಅವನು ಚೆಂಡನ್ನು ಬಿಡುತ್ತಿದ್ದ ತಾಳ್ಮೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಬೌಲಿಂಗ್‌ನಲ್ಲಿ, ಆ ಟೆಸ್ಟ್‌ನ ಮೊದಲ ಇನಿಂಗ್ಸ್‌ನಲ್ಲಿ 30 ರನ್ನಿಗೆ 5 ವಿಕೆಟ್ ಕಿತ್ತಿದ್ದ ಬುಮ್ರಾಗೆ ಈಗ ವಿಶ್ರಾಂತಿ, ಹಾರ್ದಿಕ್‌ಗೆ ಗಾಯ. ಸಿರಾಜ್, ಅರ್ಷದೀಪ್, ಹರ್ಷಿತ್ ಇದ್ದಾರೆ. ಎತ್ತರದಿಂದ ಚೆಂಡನ್ನು ನೆಲಕ್ಕೆ ಬಡಿಯುವ ನಮ್ಮ ಬೆಂಗಳೂರಿನ ಪ್ರಸಿದ್ಧ್‌ಗೆ ಈ ಪಿಚ್ ಹೇಳಿ ಮಾಡಿಸಿದಂತಿದೆ. ಹಾರ್ದಿಕ್ ಇಲ್ಲವೆಂದು ಬ್ಯಾಟಿಂಗ್ ಸರದಿಯನ್ನು ಉದ್ದ ಮಾಡಲು ಆಲ್‌ರೌಂಡರ್‌ಗಳನ್ನೇ ತುಂಬಿ, ವೇಗಿಗಳ ಪಿಚ್ ಎಂಬ ನೆಪದಲ್ಲಿ ಕುಲದೀಪ್‌ನನ್ನು ಹೊರಗೆ ಕೂರಿಸುವ ಆಸೆ ತಂಡಕ್ಕೆ ಹುಟ್ಟೀತು. ಗೆಳೆಯರಲ್ಲಿ ಇಬ್ಬರು ಇದನ್ನೇ ಸರಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ.

ಆಗಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾ ಇಲ್ಲಿಗೆ ಬಂದು ಏಕದಿನ ಸರಣಿಯನ್ನು 2–1ರಿಂದ ಗೆದ್ದಾಗ, ಕೇರ್ನ್ಸ್‌ನ ಮೊದಲ ಪಂದ್ಯದಲ್ಲಿ ಆಸ್ಟ್ರೇಲಿಯಾವನ್ನು 198ಕ್ಕೆ ಕಟ್ಟಿಹಾಕಿದ್ದು ವೇಗಿಯಲ್ಲ, 33 ರನ್ನಿಗೆ 5 ವಿಕೆಟ್ ಪಡೆದ ಸ್ಪಿನ್ನರ್ ಮಹಾರಾಜ್. ಅದೇ ಆಸ್ಟ್ರೇಲಿಯಾ ಕೊನೆಯ ಪಂದ್ಯದಲ್ಲಿ ಹೆಡ್, ಮಾರ್ಷ್ ಮತ್ತು ಗ್ರೀನ್ ಶತಕಗಳಿಂದ 2 ವಿಕೆಟ್‌ಗೆ 431 ಬಾರಿಸಿತು. ಮೊದಲ ಜೋಡಿ ನೆಲೆಯೂರಿದರೆ ಹಿಡಿತಕ್ಕೆ ಸಿಗದ, ಸ್ಮಿತ್ ಮತ್ತು ಮ್ಯಾಕ್ಸ್‌ವೆಲ್ ಏಕದಿನದಿಂದ ನಿವೃತ್ತರಾದ ಮೇಲೆ ನಡುವೆ ಸ್ಪಿನ್ ಎದುರು ತಡವರಿಸುವ ಇಂಥ ತಂಡಕ್ಕೆ ಏಷ್ಯಾ ಕಪ್‌ನಲ್ಲಿ 17 ವಿಕೆಟ್ ಗಳಿಸಿ ಬಂದಿರುವ ಕುಲದೀಪ್‌ನಷ್ಟು ಕಷ್ಟ ಕೊಡುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ; ಮೇಲಾಗಿ ಪುಟಿತವಿರುವ ನೆಲದಲ್ಲಿ ಅವನ ಚೆಂಡು ತಿರುಗುವುದರ ಜೊತೆಗೆ ಏಳುತ್ತದೆ ಕೂಡ. ಅಹಮದಾಬಾದ್‌ನ ವಿಶ್ವಕಪ್ ಫೈನಲ್‌ನಲ್ಲಿ ಹೆಡ್ ಹೊಡೆದ 137 ಇನ್ನೂ ಮಾಗದ ಗಾಯ, ನಿಜ. ಅದು ಸಂಜೆಯ ಇಬ್ಬನಿಯಲ್ಲಿ ಒದ್ದೆಯಾದ ಚೆಂಡಿನ ಆಟ. ಅದನ್ನೇ ಮುಂದಿಟ್ಟು ಕುಲದೀಪ್‌ನನ್ನು ಅಳೆಯುವುದು ನ್ಯಾಯವಲ್ಲ.

ಹೊಸ ಚೆಂಡಿನಲ್ಲಿ ಅವರು ಮೇಲು, ನಡು ಓವರುಗಳಲ್ಲಿ ಕುಲದೀಪ್ ಇದ್ದರೆ ನಾವು ಮೇಲು. ಭಾನುವಾರದ ಪಂದ್ಯಕ್ಕೆ ಅವರ ಸ್ಪಿನ್ನರ್ ಝಾಂಪಾ ಕೂಡ ಇಲ್ಲ. ನಿಮಗೆ ಬೆಳಿಗ್ಗೆ ಒಂಬತ್ತು, ನಮಗೆ ಹನ್ನೊಂದೂವರೆ ಆದಾಗ ಮೊದಲ ಎಸೆತ. ಬಸವನಗುಡಿಯಲ್ಲಿ ಅಮ್ಮ ಸಂಜೆಯ ನೀರು ತುಂಬುವ ಹಬ್ಬಕ್ಕೆ ಹಂಡೆ ತಿಕ್ಕಲು ಕೂರುವ ಹೊತ್ತಿಗೆ ನಾನು ಇಲ್ಲಿನ ಸ್ಟ್ಯಾಂಡಿನಲ್ಲಿ ಕುಳಿತು, ಟಾಸ್ ಮುಗಿದ ಮೇಲೆ ಪರದೆಯ ಮೇಲೆ ಮೂಡುವ ಹನ್ನೊಂದು ಹೆಸರುಗಳಲ್ಲಿ ಮೊದಲು ಕುಲದೀಪ್‌ನ ಹೆಸರನ್ನು ಹುಡುಕುತ್ತಿರುತ್ತೇನೆ.