ಕೋಲಾ ಬೀಜಕ್ಕೆ ಇಂಗ್ಲಿಷ್ ಬರುವುದಿಲ್ಲ

2023ರ ಜನವರಿ ತಿಂಗಳ ಕೊನೆಯ ಭಾನುವಾರ. ಸಂಜೆ ನೈಜರ್ ನದಿಯ ಸೇತುವೆ ದಾಟಿ ನೈಜೀರಿಯದ ಒನಿಚಾಕ್ಕೆ ಬಂದಿಳಿದಾಗ ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಮತ್ತು ಸುಟ್ಟು ನೀಲಿಗಟ್ಟಿದ ಒಂದು ಬೇರಿಂಗ್ ಇದ್ದವು. ಕೆಟ್ಟ ಯಂತ್ರ ಇದ್ದದ್ದು ನದಿಯ ಆಚೆ ದಡದ ಅಸಾಬಾದಲ್ಲಿ, ಪ್ಲಾಸ್ಟಿಕ್ ಪೈಪು ಮಾಡುವ ಕಾರ್ಖಾನೆಯಲ್ಲಿ. ಬೇರಿಂಗ್ ಸಿಗುವುದು ಈಚೆ ದಡದಲ್ಲಿ, ಒನಿಚಾದ ಮಗ್ಗುಲಿಗಿರುವ ಎನ್‌ಕ್ಪೋರ್‌ನ ಬಿಡಿಭಾಗಗಳ ಮಾರುಕಟ್ಟೆಯಲ್ಲಿ. ಲೇಗೋಸಿನಿಂದ ಫೋನಿನಲ್ಲೇ ಯಂತ್ರ ನಡೆಸುವ ನಮ್ಮ ಮೇಲಧಿಕಾರಿಗೆ ಇದು ಅರ್ಧ ದಿನದ ಕೆಲಸ. ನನಗೂ ಹಾಗೇ ಅನಿಸಿತ್ತು. ಚಾಲಕ ನನ್ನನ್ನು ಇಳಿಸಿದವನೇ ಗಾಡಿ ತಿರುಗಿಸಿ ಕತ್ತಲಾಗುವ ಮೊದಲೇ ಸೇತುವೆ ದಾಟಿಬಿಟ್ಟ. ಅವನ ಅವಸರ ನನಗೆ ಅರ್ಥವಾಗಲಿಲ್ಲ.

ಉಳಿದುಕೊಂಡದ್ದು ನಮಗೆ ಹತ್ತು ವರ್ಷದಿಂದ ಬೇರಿಂಗ್, ಬೆಲ್ಟು ಕೊಡುತ್ತಿರುವ ವ್ಯಾಪಾರಿಯ ಮನೆಯ ಮಹಡಿಯಲ್ಲಿ. ವಯಸ್ಸು ಎಪ್ಪತ್ತು ದಾಟಿದೆ. ಬೀದಿಯೆಲ್ಲ ಅವರನ್ನು ಪಾಪಾ ಎನ್ನುತ್ತದೆ, ನಾನೂ ಹಾಗೇ ಕರೆಯುತ್ತಿದ್ದೆ. ರಾತ್ರಿ ಊಟಕ್ಕೆ ಕೂತಾಗ, "ಪಾಪಾ, ನಾಳೆ ಏಳು ಗಂಟೆಗೇ ಅಂಗಡಿ ತೆರೆಸಿದರೆ ಹತ್ತಕ್ಕೆ ನಾನು ಅಸಾಬಾ ಸೇರುತ್ತೇನೆ" ಎಂದೆ.

ಪಾಪಾ ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. "ನಾಳೆ ಸೋಮವಾರ, ಮಗನೇ."

ಸೋಮವಾರ ಎಂದರೇನು ಎಂದು ನನಗೆ ತಿಳಿದಿರಲಿಲ್ಲವೆಂದಲ್ಲ. ಪತ್ರಿಕೆಯಲ್ಲಿ ಓದಿದ್ದೆ. ಆಗ್ನೇಯ ನೈಜೀರಿಯದ ಇಗ್ಬೊ ಜನರಿಗೆ ಬಿಯಾಫ್ರಾ ಎಂಬ ಪ್ರತ್ಯೇಕ ದೇಶ ಬೇಕೆನ್ನುವ ಐಪಾಬ್ ಸಂಘಟನೆಯ ನಾಯಕ ನಮ್ದಿ ಕಾನು ಅವರನ್ನು 2021ರ ಜೂನ್‌ನಲ್ಲಿ ಕೀನ್ಯಾದಿಂದ ಹಿಡಿದು ತಂದರು. ಅವರ ಬಿಡುಗಡೆಗೆ ಒತ್ತಾಯಿಸಿ ಆ ಆಗಸ್ಟ್‌ನಿಂದ ಪ್ರತಿ ಸೋಮವಾರ 'ಸಿಟ್ ಅಟ್ ಹೋಮ್', ಅಂದರೆ ಯಾರೂ ಹೊಸ್ತಿಲು ದಾಟಬಾರದು ಎಂಬ ಕರೆ ಬಂತು. ಅದನ್ನು ಕೊಟ್ಟ ಸಂಘಟನೆಯೇ ಆಮೇಲೆ ವಾರವಾರದ ಬಂದ್ ಕೈಬಿಟ್ಟಿದ್ದೇವೆ ಎಂದಿತು. ಆದರೆ ಫಿನ್ಲೆಂಡಿನಲ್ಲಿ ಕೂತಿದ್ದ ಸೈಮನ್ ಎಕ್ಪಾ ಎಂಬಾತ ಇಂಟರ್‌ನೆಟ್ಟಿನಿಂದ ಹೊಸ ಹೊಸ ಅಪ್ಪಣೆ ಹೊರಡಿಸುತ್ತಲೇ ಇದ್ದ. ಸೋಮವಾರ ನಿಲ್ಲಲಿಲ್ಲ. ಇವೆಲ್ಲ ಗೊತ್ತಿದ್ದೂ ನನ್ನ ಬೇರಿಂಗಿಗೂ ಇದಕ್ಕೂ ಸಂಬಂಧವಿದೆ ಎಂದು ಹೊಳೆದಿರಲಿಲ್ಲ. ಅಸಾಬಾದವರೂ ಇಗ್ಬೊ ಮಾತಾಡುವವರೇ, ಆದರೆ ಅದು ಡೆಲ್ಟಾ ರಾಜ್ಯ. ಸೇತುವೆಯ ಆ ತುದಿಯಲ್ಲಿ ಸೋಮವಾರವೂ ಒಂದು ದಿನ, ಈ ತುದಿಯಲ್ಲಿ ಅದೊಂದು ಗೋಡೆ.

ಬೆಳಿಗ್ಗೆ ಎಚ್ಚರವಾದದ್ದು ಸದ್ದಿಲ್ಲದ್ದರಿಂದ. ಒನಿಚಾದಲ್ಲಿ ಹಾಗೆ ಆಗುವುದಿಲ್ಲ. ಪಶ್ಚಿಮ ಆಫ್ರಿಕದ ಅತಿ ದೊಡ್ಡ ಸಂತೆಗಳಲ್ಲಿ ಒಂದು ಇರುವ ಊರು. ಜನರೇಟರು, ಧ್ವನಿವರ್ಧಕದ ಪಾದ್ರಿ, ಬಸ್ಸಿನವರ ಕೂಗು, ಅವೆಲ್ಲದರ ನಡುವೆ ನಮ್ಮ ಬಜಾಜ್ ಆಟೊ. ಅಲ್ಲಿ ಅದಕ್ಕೆ ಕೆಕೆ ಎನ್ನುತ್ತಾರೆ. ಆ ಸದ್ದು ಕೇಳಿದಾಗಲೆಲ್ಲ ದಾವಣಗೆರೆಯ ಬಸ್ ನಿಲ್ದಾಣ ನೆನಪಾಗುತ್ತದೆ. ಅವತ್ತು ಒಂದು ಕೆಕೆಯೂ ಇಲ್ಲ. ಕಿಟಕಿಯಿಂದ ಬಗ್ಗಿ ನೋಡಿದರೆ ಬೀದಿಯುದ್ದಕ್ಕೂ ಇಳಿಬಿಟ್ಟ ಶಟರುಗಳು, ನಟ್ಟನಡುವೆ ಚೆಂಡು ಒದೆಯುತ್ತಿದ್ದ ನಾಲ್ಕು ಹುಡುಗರು, ಯಾವುದೋ ಮನೆಯಿಂದ ಒಣಮೀನಿನ ವಾಸನೆ. ನಾನು ಮೀನು ಮಾಂಸ ತಿನ್ನದವನು. ಈ ನಾರ್ವೆಯ ಒಣಮೀನಿಗೆ ಮಾತ್ರ ಮೂಗು ಮುಚ್ಚಿಕೊಳ್ಳಬಾರದೆಂದು ಪಾಪಾ ಒಮ್ಮೆ ಹೇಳಿದ್ದರು. 1967-70ರ ಬಿಯಾಫ್ರಾ ಯುದ್ಧಕಾಲದಲ್ಲಿ ರಾತ್ರಿ ವಿಮಾನಗಳಲ್ಲಿ ಪರಿಹಾರವೆಂದು ಬಂದು ಮಕ್ಕಳನ್ನು ಉಳಿಸಿದ ಮೀನು ಅದು.

ಹತ್ತು ಗಂಟೆಗೆ ಪಾಪಾ ನನ್ನನ್ನು ಕೆಳಗೆ ಕರೆಸಿಕೊಂಡರು. ಮನೆಯ ಇಪ್ಪತ್ತು ವರ್ಷದ ಮೊಮ್ಮಗ ಮರದ ತಟ್ಟೆಯಲ್ಲಿ ಕೋಲಾ ಬೀಜ ತಂದ. ನಮ್ಮಲ್ಲಿ ಮನೆಗೆ ಬಂದವರಿಗೆ ಎಲೆ ಅಡಿಕೆ ಇಟ್ಟಂತೆ ಅವರಲ್ಲಿ ಕೋಲಾ. ಆದರೆ ನಮ್ಮ ತಾಂಬೂಲಕ್ಕೆ ಇಲ್ಲದ ಬಿಗುಮಾನ ಇದಕ್ಕಿದೆ. ಕಿರಿಯ ತರಬೇಕು, ಕೈಯಿಂದ ಕೈಗೆ ಸಾಗಬೇಕು, ಹಿರಿಯ ಪ್ರಾರ್ಥಿಸಬೇಕು, ಹೆಂಗಸರು ಒಡೆಯಬಾರದು. ಪಾಪಾ ನನ್ನೊಂದಿಗೆ ಸದಾ ಇಂಗ್ಲಿಷ್ ಆಡುವವರು, ಬೀಜ ಕೈಗೆತ್ತಿಕೊಂಡೊಡನೆ ಇಗ್ಬೊಗೆ ಹೊರಳಿದರು. ಐದು ನಿಮಿಷ ಅದೇ. ಮುಗಿದ ಮೇಲೆ ಮೊಮ್ಮಗ ನನ್ನ ಕಿವಿಯಲ್ಲಿ, "ಓಗಾ (ಯಜಮಾನರೇ), ತಪ್ಪು ತಿಳಿಯಬೇಡಿ. ಕೋಲಾ ಬೀಜಕ್ಕೆ ಇಂಗ್ಲಿಷ್ ಬರುವುದಿಲ್ಲ" ಎಂದ. ಅದು ಅವರಲ್ಲಿ ಎಲ್ಲರೂ ಆಡುವ ಮಾತಂತೆ. ಪ್ರಾರ್ಥನೆಯಲ್ಲಿ ನನಗೆ ಹಿಡಿತಕ್ಕೆ ಸಿಕ್ಕಿದ್ದು ಎರಡೇ ಪದ, ಎಗ್ಬೆ ಮತ್ತು ಉಗೊ. ಹದ್ದು ಮತ್ತು ಗರುಡ. ಹದ್ದೂ ಕೊಂಬೆಯ ಮೇಲೆ ಕೂರಲಿ, ಗರುಡನೂ ಕೂರಲಿ, ಕೂರಬೇಡ ಎಂದವರ ರೆಕ್ಕೆ ಮುರಿಯಲಿ ಎಂದು ಅರ್ಥ. ಬೀಜ ಕಚ್ಚಿದೆ. ಹಸಿ ಅಡಿಕೆಗಿಂತ ಹೆಚ್ಚು ಒಗರು, ಅದರ ಮೇಲೆ ಕಹಿ. ಜೊತೆಗೆ ಕೊಟ್ಟ ಶೇಂಗಾ-ಮೆಣಸಿನ ಚಟ್ನಿ ಬಾಯಿಗೆ ಬಿದ್ದ ಮೇಲೆ ಜೀವ ಬಂತು.

ಬೀಜ ನಾಲ್ಕು ಹೋಳಾಗಿತ್ತು. ಪಾಪಾ ಬೆರಳಿಟ್ಟು ಎಣಿಸಿದರು. "ಎಕೆ, ಒರಿಯೆ, ಆಫೊ, ಎನ್ಕ್ವೊ. ನಮ್ಮ ವಾರಕ್ಕೆ ನಾಲ್ಕೇ ದಿನ. ನಾಲ್ಕು ಸಂತೆಯ ದಿನ. ಅದರಲ್ಲಿ ಸೋಮವಾರ ಎಲ್ಲಿದೆ ತೋರಿಸು."

ಆಫೊ ದಿನ ಹುಟ್ಟಿದವನು ಒಕಾಫೊರ್, ಎನ್ಕ್ವೊ ದಿನ ಹುಟ್ಟಿದವನು ಒಕೊಂಕ್ವೊ. ಊರುಗಳಿಗೂ ಸಂತೆಯ ದಿನದ ಹೆಸರು ಅಂಟಿಕೊಂಡಿದೆ. ನಮ್ಮ ಕೊಡಗಿನಲ್ಲೂ ಸೋಮವಾರಪೇಟೆ, ಶನಿವಾರಸಂತೆ ಎಂಬ ಊರುಗಳಿವೆ ಎಂದೆ. ಪಾಪಾಗೆ ಬಹಳ ಖುಷಿಯಾಯಿತು. "ಸೋಮವಾರ ಸಂತೆ ನಡೆಯುವ ಊರಾ?" ಎಂದು ಎರಡು ಸಲ ಕೇಳಿ ನಕ್ಕರು. ಅವರಿಗೆ ಅದಕ್ಕಿಂತ ದೊಡ್ಡ ಹಾಸ್ಯ ಅವತ್ತು ಬೇರೆ ಸಿಗುವಂತಿರಲಿಲ್ಲ.

ನನ್ನ ಜೇಬಿನಲ್ಲಿ ಹಳೆಯ ನೋಟಿನ ಕಟ್ಟಿತ್ತು. ಆ ದಿನಗಳಲ್ಲಿ ನೈಜೀರಿಯ ತನ್ನ 200, 500 ಮತ್ತು 1000 ನೈರಾ ನೋಟುಗಳನ್ನು ಬದಲಿಸುತ್ತಿತ್ತು. ಹಳೆಯದಕ್ಕೆ ಜನವರಿ 31 ಗಡುವು. ಭಾನುವಾರವಷ್ಟೇ ಅದನ್ನು ಫೆಬ್ರುವರಿ 10ಕ್ಕೆ ಮುಂದೂಡಿದ್ದರು. ಬ್ಯಾಂಕಿನಲ್ಲಿ ಹೊಸ ನೋಟಿಲ್ಲ, ಅಂಗಡಿಯಲ್ಲಿ ಹಳೆಯದು ನಡೆಯುವುದಿಲ್ಲ. 2016ರ ನವೆಂಬರಿನಲ್ಲಿ ಅವ್ವನ ಅಕ್ಕಿ ಡಬ್ಬಿಯಿಂದ ಹೊರಬಂದ ಐದುನೂರರ ನೋಟುಗಳನ್ನು ಹಿಡಿದು ಸಾಲಿನಲ್ಲಿ ನಿಂತಿದ್ದವನಿಗೆ ಇದು ಹೊಸ ನಾಟಕವಲ್ಲ. ಹಾಗೆಂದು ಪಾಪಾಗೆ ಕಥೆ ಹೇಳಿದೆ. ನನ್ನ ಕಥೆ ಚಿಕ್ಕದು ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಪಾಪಾರ ತಂದೆ ಉತ್ತರದ ಕಾನೊ ನಗರದಲ್ಲಿ ಬಟ್ಟೆ ವ್ಯಾಪಾರಿ. 1966ರ ಜನವರಿಯ ಸೈನಿಕ ಕ್ಷಿಪ್ರಕ್ರಾಂತಿಯನ್ನು ಇಗ್ಬೊಗಳ ಸಂಚೆಂದು ಕರೆದರು. ಜುಲೈಯಲ್ಲಿ ಅದಕ್ಕೆ ಪ್ರತಿಯಾಗಿ ಇನ್ನೊಂದಾಯಿತು. ಉತ್ತರದಲ್ಲಿ ಸಾವಿರಾರು ಇಗ್ಬೊಗಳನ್ನು ಕೊಂದರು. ತಂದೆ ರೈಲು ಹತ್ತಿ ಪೂರ್ವಕ್ಕೆ ಓಡಿಬಂದರು. ಮರುವರ್ಷ ಮೇ 30ರಂದು ಪೂರ್ವ ಪ್ರಾಂತದ ಸೇನಾ ಗವರ್ನರ್ ಒಜುಕ್ವು ಬಿಯಾಫ್ರಾ ಘೋಷಿಸಿದಾಗ ಪಾಪಾಗೆ ಹದಿನೈದು ವರ್ಷ. ಅಕ್ಟೋಬರಿನಲ್ಲಿ, ನಾನು ಭಾನುವಾರ ದಾಟಿಬಂದ ಅದೇ ಸೇತುವೆಯನ್ನು ಹಿಮ್ಮೆಟ್ಟುತ್ತಿದ್ದ ಬಿಯಾಫ್ರಾ ಸೈನಿಕರೇ ಸಿಡಿಸಿದರು. ಅಸಾಬಾದಲ್ಲಿ ಉಳಿದ ಗಂಡಸರನ್ನು, ಹುಡುಗರನ್ನು ನೈಜೀರಿಯದ ಫೆಡರಲ್ ಸೈನ್ಯ ಸಾಲಾಗಿ ನಿಲ್ಲಿಸಿ ಕೊಂದಿತು. ಮೂವತ್ತು ತಿಂಗಳ ಯುದ್ಧದಲ್ಲಿ ಸತ್ತವರು ಹತ್ತು ಲಕ್ಷದಿಂದ ಮೂವತ್ತು ಲಕ್ಷ ಎನ್ನುತ್ತಾರೆ, ಹೆಚ್ಚಿನವರು ಹಸಿವಿನಿಂದ. ಇದನ್ನೆಲ್ಲ ಪಾಪಾ ಬೇಗ ಹೇಳಿ ಮುಗಿಸಿದರು. ಅವರು ನಿಂತದ್ದು ಬ್ಯಾಂಕಿನ ಬಾಗಿಲಲ್ಲಿ.

"1970ರ ಜನವರಿಯಲ್ಲಿ ಯುದ್ಧ ಮುಗಿಯಿತು. ಗೆದ್ದವರೂ ಇಲ್ಲ, ಸೋತವರೂ ಇಲ್ಲ ಎಂದರು. ಅಪ್ಪ ಪಾಸ್‌ಬುಕ್ ಹಿಡಿದು ಹೋದರು. ಅದರಲ್ಲಿ ಒಂಬೈನೂರು ಪೌಂಡ್‌ಗಿಂತ ಹೆಚ್ಚಿತ್ತು. ಯುದ್ಧದಲ್ಲಿ ಆ ಖಾತೆ ಮುಟ್ಟಿದವರಿಗೆಲ್ಲ ಒಂದೇ ಲೆಕ್ಕ. ಎಷ್ಟೇ ಇಟ್ಟಿರು, ಕೈಗೆ ಇಪ್ಪತ್ತು ಪೌಂಡ್." ಪಾಪಾ ಎರಡು ಬೆರಳು ಎತ್ತಿ ತೋರಿಸಿದರು. "ಎರಡು ವರ್ಷ ಕಳೆದು ವಿದೇಶಿ ಕಂಪನಿಗಳ ಪಾಲನ್ನು ನೈಜೀರಿಯದವರಿಗೆ ಮಾರುವ ಕಾನೂನು ಬಂತು. ಕೊಳ್ಳಲು ನಮ್ಮ ಬಳಿ ಏನಿತ್ತು?"

ಆಮೇಲೆ ಪಾಪಾ ಮಾಡಿದ್ದನ್ನೇ ಸಾವಿರಾರು ಇಗ್ಬೊ ಹುಡುಗರು ಮಾಡಿದರು. ದೊಡ್ಡಪ್ಪನ ಅಂಗಡಿಗೆ 'ಬಾಯ್', ಅಂದರೆ ಕಸುಬು ಕಲಿಯುವ ಹುಡುಗನಾಗಿ ಸೇರಿದರು. ಆರೇಳು ವರ್ಷ ಸಂಬಳವಿಲ್ಲ. ಊಟ, ವಸತಿ, ಬೈಗುಳ, ಕಸುಬು. ಅವಧಿ ಮುಗಿದ ದಿನ ಯಜಮಾನ ಬಂಡವಾಳ ಕೊಟ್ಟು ಬೇರೆ ಅಂಗಡಿ ಹಾಕಿಕೊಡಬೇಕು. ಕೊಡದೆ ಕಳ್ಳತನದ ಆರೋಪ ಹೊರಿಸಿ ಓಡಿಸುವವರೂ ಇದ್ದಾರೆ, ಅದನ್ನು ಪಾಪಾ ಮುಚ್ಚಿಡಲಿಲ್ಲ. ಅವರು ಇದುವರೆಗೆ ಹನ್ನೊಂದು ಹುಡುಗರಿಗೆ ಅಂಗಡಿ ಹಾಕಿಕೊಟ್ಟಿದ್ದಾರೆ. ಇಪ್ಪತ್ತು ಪೌಂಡಿನಿಂದ ಎದ್ದ ಊರು ಇದು ಎಂದು ಒನಿಚಾದವರು ಹೇಳಿಕೊಳ್ಳುವುದನ್ನು ನಾನು ಜಂಬ ಎಂದುಕೊಂಡಿದ್ದೆ.

"ಅದಕ್ಕೇ ಹೇಳುತ್ತೇನೆ," ಎಂದರು ಪಾಪಾ ಮೊಮ್ಮಗನತ್ತ ತಿರುಗಿ, "ಶತ್ರು ನಮ್ಮ ಬ್ಯಾಂಕು ಮುಚ್ಚಿದ, ಸರಿ. ನಮ್ಮ ಅಂಗಡಿಯನ್ನು ನಾವೇ ಮುಚ್ಚುವುದು ಯಾವ ಸ್ವಾತಂತ್ರ್ಯ?"

ಹುಡುಗ ತಲೆ ತಗ್ಗಿಸಿಯೇ ಕೂತಿದ್ದ. ಪಾಪಾ ಸ್ನಾನಕ್ಕೆ ಹೋದ ಮೇಲೆ ಮಾತಾಡಿದ. 2016ರ ಮೇ ತಿಂಗಳಲ್ಲಿ, ಬಿಯಾಫ್ರಾದ ಸತ್ತವರನ್ನು ನೆನೆಯಲು ಎನ್‌ಕ್ಪೋರ್‌ನಲ್ಲಿ ಸೇರಿದ ಜನರ ಮೇಲೆ ಸೈನಿಕರು ಗುಂಡು ಹಾರಿಸಿದಾಗ ಅವನಿಗೆ ಹದಿಮೂರು. ಆ ಎರಡು ದಿನ ಒನಿಚಾ ಸುತ್ತಮುತ್ತ ಕನಿಷ್ಠ 60 ಮಂದಿ ಸತ್ತರೆಂದು ಅಮ್ನೆಸ್ಟಿ ಇಂಟರ್‌ನ್ಯಾಷನಲ್ ಬರೆದಿತ್ತು. "ಅಜ್ಜ ಯುದ್ಧ ನೋಡಿದ್ದಾರೆ, ಅದಕ್ಕೆ ಹೆದರುತ್ತಾರೆ. ನಾನು ನೋಡಿದ್ದು ಶಾಂತಿಕಾಲ" ಎಂದ. ಆಗ್ನೇಯ ವಲಯಕ್ಕೆ ಐದೇ ರಾಜ್ಯ, ಬೇರೆಯವರಿಗೆ ಆರು, ಏಳು. ಯುದ್ಧ ಮುಗಿದ ಮೇಲೆ ಒಬ್ಬ ಇಗ್ಬೊ ಅಧ್ಯಕ್ಷನೂ ಆಗಿಲ್ಲ. ಹೆದ್ದಾರಿಯಲ್ಲಿ ಹತ್ತು ಮೈಲಿಗೊಂದು ಸೈನಿಕ ಚೌಕಿ. ಗಡಗಡ ಹೇಳುತ್ತ ಹೋದ. ಅವನಿಗೆ ಈ ದೇಶದ ಮೇಲೆ ನಂಬಿಕೆಯಿಲ್ಲ, ಜನಮತಗಣನೆ ಬೇಕು. ನಾನು ಅವನ ಮೊಬೈಲ್ ನೋಡುತ್ತಿದ್ದೆ. ಪಾರದರ್ಶಕ ಕವಚದ ಒಳಗೆ, ಹಿಂಬದಿಯಲ್ಲಿ, ಹೊಚ್ಚ ಹೊಸ ಮತದಾರರ ಚೀಟಿ ಇತ್ತು. ಇದೇನು ಎಂದೆ. ಮುಖ ಕೆಂಪಾಗುವ ಬಣ್ಣ ಅವನದಲ್ಲ, ಆದರೂ ಆಯಿತು. "ಪೀಟರ್ ಒಬಿ ನಿಂತಿದ್ದಾರಲ್ಲ" ಎಂದ. ಮುಂದಿನ ತಿಂಗಳ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಇಗ್ಬೊ ಅಭ್ಯರ್ಥಿ.

"ಹಾಗಾದರೆ ಇವತ್ತು ಶಟರು ಇಳಿದಿರುವುದು ಕಾನು ಮೇಲಿನ ಅಭಿಮಾನಕ್ಕೋ, ಭಯಕ್ಕೋ?"

ಹುಡುಗ ಉತ್ತರಿಸಲಿಲ್ಲ. ಉತ್ತರ ಬಂದದ್ದು ಅಡುಗೆಮನೆಯಿಂದ, ಅವನ ತಾಯಿಯಿಂದ. ಸಂತೆಯಲ್ಲಿ ಬಟ್ಟೆ ಮಾರುವ ಗಟ್ಟಿ ಹೆಂಗಸು. "ಮೊದಲ ತಿಂಗಳು ಅಭಿಮಾನ. ಆಮೇಲೆ ಪಕ್ಕದ ಬೀದಿಯಲ್ಲಿ ಒಂದು ಕೆಕೆ ಸುಟ್ಟರು. ಈಗ ಯಾವುದು ಎಷ್ಟು ಪಾಲು ಎಂದು ನನಗೇ ಗೊತ್ತಿಲ್ಲ." ಸುಟ್ಟವರು ಯಾರು ಎಂದೆ. "ಅಜ್ಞಾತ ಬಂದೂಕುಧಾರಿಗಳು." ಅದು ಅಲ್ಲಿ ಎಲ್ಲರ ಬಾಯಲ್ಲಿರುವ ಪದ. ಸರ್ಕಾರ ಒಬ್ಬರನ್ನು ತೋರಿಸುತ್ತದೆ, ಅವರು ನಾವಲ್ಲ ಎನ್ನುತ್ತಾರೆ, ಕೊನೆಗೆ ಉಳಿಯುವ ಹೆಸರು ಅದೊಂದೇ.

ಆಕೆ ಗೆಣಸಿನ ತಟ್ಟೆ ನನ್ನ ಮುಂದಿಟ್ಟು ತನ್ನ ಸೀಮೆಯ ಕಥೆ ಹೇಳಿದಳು. ತವರು ಒಲೊಕೊ ಹತ್ತಿರ. 1929ರಲ್ಲಿ ಹೆಂಗಸರಿಗೂ ತೆರಿಗೆ ಬರುತ್ತದೆ ಎಂಬ ಸುದ್ದಿ ಹಬ್ಬಿದಾಗ ಅಲ್ಲಿಂದಲೇ ಹೆಂಗಸರು ಎದ್ದದ್ದು. ಅರಸರೇ ಇಲ್ಲದ ಜನರ ಮೇಲೆ ಬ್ರಿಟಿಷರು ಕಾಗದ ಬರೆದುಕೊಟ್ಟು ನೇಮಿಸಿದ ಮುಖ್ಯಸ್ಥರ ಮನೆ ಮುಂದೆ ರಾತ್ರಿಯಿಡೀ ಕೂತು ಹಾಡಿ, ಕುಣಿದು, ಬೈದು, ಟೋಪಿ ಕಿತ್ತುಕೊಂಡರು. ಸೈನಿಕರು ಐವತ್ತಕ್ಕೂ ಹೆಚ್ಚು ಹೆಂಗಸರನ್ನು ಗುಂಡಿಟ್ಟು ಕೊಂದರು. ಆದರೂ ಆ ಮುಖ್ಯಸ್ಥರ ವ್ಯವಸ್ಥೆ ಹೋಯಿತು. "ಆಗ ಸಂತೆ ಮುಚ್ಚಬೇಕೆಂದರೆ ಮುಚ್ಚುವವರು ನಾವು, ತೆರೆಯುವವರೂ ನಾವು. ಈಗ ಸಂತೆಯಲ್ಲಿ ಒಂದು ಗಜ ಬಟ್ಟೆ ಮಾರದ ಗಂಡಸು ಫಿನ್ಲೆಂಡಿನಿಂದ ಮುಚ್ಚು ಎನ್ನುತ್ತಾನೆ." ಅಷ್ಟು ಹೇಳಿ ಕಿಟಕಿಯತ್ತ ನೋಡಿ ದನಿ ತಗ್ಗಿಸಿದಳು. ಅವಳ ಮನೆ, ಅವಳ ಅಡುಗೆಮನೆ, ಹಗಲು ಹನ್ನೆರಡು ಗಂಟೆ.

ಮಧ್ಯಾಹ್ನವೆಲ್ಲ ಮಲಗಿ ಎದ್ದೆವು. ಸಂಜೆ ಪಾಪಾ ಮತ್ತು ಮೊಮ್ಮಗ ಡ್ರಾಫ್ಟ್ಸ್ ಆಟಕ್ಕೆ ಕೂತು ಜಗಳವಾಡಿದರು, ಬಿಯಾಫ್ರಾಕ್ಕಲ್ಲ, ಕಾಯಿ ಸರಿಸಿದ್ದಕ್ಕೆ.

ಮಂಗಳವಾರ ಐದೂವರೆಗೆಲ್ಲ ಕೆಕೆಗಳ ಸದ್ದು. ಶಟರುಗಳು ಒಂದರ ಹಿಂದೊಂದು ಏಳುವ ಗಡಗಡ ಶಬ್ದ ಬೀದಿಯ ತುದಿಯಿಂದ ಹೊರಟು ನಮ್ಮ ಕಿಟಕಿಯ ಕೆಳಗೆ ಹಾದು ಮುಂದೆ ಹೋಯಿತು. ಬೇರಿಂಗ್ ಹತ್ತೇ ನಿಮಿಷದಲ್ಲಿ ಸಿಕ್ಕಿತು. ಹಳೆಯ ನೋಟನ್ನು ಪಾಪಾ ಎಣಿಸದೆ ಪೆಟ್ಟಿಗೆಗೆ ಹಾಕಿಕೊಂಡರು. ಹೊರಡುವಾಗ ಒಂದು ಇಡಿಯ ಕೋಲಾ ಬೀಜ ಕೈಗಿತ್ತು, ಮನೆ ಮುಟ್ಟಿದ ಮೇಲೆ ಕೊಟ್ಟವರು ಯಾರೆಂದು ಅದೇ ಹೇಳುತ್ತದೆ ಎಂದರು. ಅದು ಇನ್ನೂ ನನ್ನ ಉಪಕರಣದ ಪೆಟ್ಟಿಗೆಯಲ್ಲಿದೆ, ಒಣಗಿ ಗೋಲಿಯಂತಾಗಿದೆ.

ಆ ಫೆಬ್ರುವರಿ 25ರ ಚುನಾವಣೆಯಲ್ಲಿ ಒಬಿ ಸುಮಾರು 61 ಲಕ್ಷ ಮತ ಪಡೆದು ಮೂರನೆಯವರಾದರು. ತಮ್ಮ ಅನಂಬ್ರಾ ರಾಜ್ಯದಲ್ಲಿ ನೂರಕ್ಕೆ 95ರಷ್ಟು. ಗೆದ್ದ ಟಿನುಬು ಅವರ ಲೇಗೋಸಿನಲ್ಲೂ ಒಬಿಗೇ ಮುನ್ನಡೆ. ಹುಡುಗ ಮತ ಹಾಕಿದ ಬೆರಳಿನ ಫೋಟೊ ಕಳಿಸಿದ್ದ, ಫಲಿತಾಂಶದ ನಂತರ ಏನನ್ನೂ ಕಳಿಸಲಿಲ್ಲ. ಎಕ್ಪಾಗೆ ಫಿನ್ಲೆಂಡಿನ ನ್ಯಾಯಾಲಯ 2025ರ ಸೆಪ್ಟೆಂಬರಿನಲ್ಲಿ ಆರು ವರ್ಷ ಜೈಲು ವಿಧಿಸಿತು. ನವೆಂಬರ್ 20ರಂದು ಅಬುಜಾದಲ್ಲಿ ಕಾನು ಅವರಿಗೆ ಜೀವಾವಧಿ.

ಸುದ್ದಿ ಓದಿದೊಡನೆ ಪಾಪಾಗೆ ಫೋನ್ ಮಾಡಿದೆ. ಆ ಕಡೆ ಜನರೇಟರಿನ ಗದ್ದಲ, ಯಾರೋ ಬೆಲ್ಟಿನ ಅಳತೆ ಕೂಗುತ್ತಿದ್ದರು. ಊರು ಹೇಗಿದೆ, ಅಂಗಡಿ ತೆರೆದಿದೆಯೇ ಎಂದೆ.

"ಇವತ್ತು ಗುರುವಾರ, ತೆರೆಯದೆ ಏನು? ಗಿರಾಕಿ ನಿಂತಿದ್ದಾರೆ, ಮಗನೇ. ಸೋಮವಾರ ಮಾಡು, ಬೇಕಾದಷ್ಟು ಪುರುಸೊತ್ತಿರುತ್ತದೆ."