ಅಡಿಕೆ ಅಂಗಡಿ ಲೆಕ್ಕ ಟ್ಯಾಲಿಗೆ: ಮೂರನೇ ವಾರ

ಹೋದ ವಾರವೇ ಬರೀಬೇಕಿತ್ತು. ಶಿರಸಿಯಲ್ಲಿ ಮಳೆ ಹಿಡಿದರೆ ಕರೆಂಟಿನ ಕಥೆ ಗೊತ್ತಲ್ಲ.

ಹೊಸಬರಿಗೆ: ಚಿಕ್ಕಪ್ಪನ ದಲಾಲಿ ಅಂಗಡಿಯ ಲೆಕ್ಕವನ್ನು ಎಕ್ಸೆಲ್ ಹಾಳೆಗಳಿಂದ ಟ್ಯಾಲಿ ಪ್ರೈಮ್ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ಗೆ ಸಾಗಿಸ್ತಾ ಇದ್ದೇನೆ. ಹಳೇ ಬಿಲ್ಲುಗಳನ್ನೆಲ್ಲ ತರುವುದಿಲ್ಲ. ಮಾರ್ಚ್ 31ರ ಬಾಕಿ ಏಪ್ರಿಲ್ 1ರ ಆರಂಭದ ಬಾಕಿಯಾಗಿ ಕೂತರೆ ಸಾಕು.

ಸರಕಿನ ಪಟ್ಟಿ ಸಲೀಸಾಗಿ ಮುಗೀತು. ಎಲ್ಲ ಅಡಿಕೆಯ ಬಗೆಗಳೇ: ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು, ಕೋಕಾ. ಅಡಿಕೆಯ ಎಚ್‌ಎಸ್‌ಎನ್ ಕೋಡ್ (ತೆರಿಗೆಗಾಗಿ ಸರಕಿಗೆ ಕೊಡುವ ಸಂಖ್ಯೆ) ಮಾತ್ರ 0802 ಹೋಗಿ 802 ಆಗಿತ್ತು. ಕಾಲಂ ಅನ್ನು ಟೆಕ್ಸ್ಟ್ ಮಾಡದೆ ಬಿಟ್ಟಿದ್ದೆ, ಮುಂದಿನ ಸೊನ್ನೆ ಹಾರಿಹೋಗಿತ್ತು.

ಪೆಟ್ಟು ಬಿದ್ದಿದ್ದು ಬೆಳೆಗಾರರ ಖಾತೆಯಲ್ಲಿ. ಹಾಳೆಯಲ್ಲಿ 412 ಸಾಲು. ಅದೇ ಹೆಸರಿನ ಖಾತೆ ಮೊದಲೇ ಇದ್ದರೆ ಏನು ಮಾಡಲಿ ಅಂತ ಇಂಪೋರ್ಟ್ ಮಾಡುವಾಗ ಕೇಳುತ್ತದೆ: ಬಾಕಿ ಕೂಡಿಸಲಾ, ಬಿಟ್ಟುಬಿಡಲಾ, ಹೊಸದನ್ನು ಹಾಕಲಾ? ನಾನು ಸುಮ್ನೆ ‘ಕೂಡಿಸು’ ಒತ್ತಿದೆ. ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಬಾಕಿ ಕೂಡಿಸಿ ಎರಡೂ ಕಡೆ ತಾಳೆ ನೋಡುವ ಪಟ್ಟಿ) ತೆಗೆದರೆ ಒಂದು ಪೈಸೆ ವ್ಯತ್ಯಾಸ ಇಲ್ಲ! ಖುಷಿಯಲ್ಲಿ ಚಿಕ್ಕಪ್ಪನನ್ನು ಕರೆದೆ.

ಅವನು ಮೊತ್ತದ ಕಡೆ ನೋಡಲೇ ಇಲ್ಲ. ಬೆರಳಿಟ್ಟು ಹೆಸರು ಓದುತ್ತಾ ಹೋದ. “ಹುಲೇಕಲ್ ಹೆಗಡೇರ ಮುಂಗಡ ಎಲ್ಲಿ ಹೋತೋ ಮಾಣಿ?”

ಹಳೇ ಹಾಳೆಯಲ್ಲಿ ಊರು ಬೇರೆ ಕಾಲಂನಲ್ಲಿತ್ತು. ನಾನು ಹೆಸರಷ್ಟೇ ತಂದಿದ್ದೆ. ಸೋಂದೆ ಹೆಗಡೆಯವರಿಗೆ ನಾವು 48,200 ಕೊಡಬೇಕು. ಅದೇ ಹೆಸರಿನ ಹುಲೇಕಲ್‌ನವರು ನಮಗೇ 15,000 ಕೊಡಬೇಕು. ಇಬ್ಬರೂ ಒಬ್ಬರಾಗಿ, 33,200 ಅಂತ ತಣ್ಣಗೆ ಕೂತಿದ್ದರು. ಒಟ್ಟು ಸರಿ ಇದ್ದಮೇಲೆ ಟ್ರಯಲ್ ಬ್ಯಾಲೆನ್ಸ್ ಯಾಕೆ ಬಾಯಿ ಬಿಡುತ್ತದೆ? ಖಾತೆ ಎಣಿಸಿದರೆ 371. ಎಣಿಕೆ ಮೊದಲೇ ಮಾಡಬಹುದಿತ್ತು, ಅಲ್ವಾ? ನಮ್ಮ ಕಡೆ ಹೆಗಡೆ, ಭಟ್ಟರ ಸಂಖ್ಯೆ ಗೊತ್ತಿದ್ದೂ ಹೀಗೆ ಮಾಡಿದ್ದಕ್ಕೆ ಬೈಸಿಕೊಂಡೆ.

ಪುಣ್ಯಕ್ಕೆ ಬ್ಯಾಕಪ್ ಇತ್ತು. ಈಗ ಹೆಸರಿನ ಮುಂದೆ ಊರು. ಊರೂ ಒಂದೇ ಆದರೆ ಮೇಲಿನಮನೆ, ಕೆಳಗಿನಮನೆ. ಈ ಸಲ ‘ಬಿಟ್ಟುಬಿಡು’ ಆರಿಸಿದೆ, ಎರಡೆರಡು ಇದ್ದರೆ ಎಣಿಕೆಯಲ್ಲೇ ಸಿಗಲಿ ಅಂತ.

409 ಖಾತೆ ಒಳಗೆ ಬಂದಿವೆ. ಉಳಿದ ಮೂರಕ್ಕೆ ಊರೇ ಬರೆದಿಲ್ಲ. ಬ್ಯಾಲೆನ್ಸ್ ಶೀಟ್‌ನಲ್ಲಿ 6,350 ವ್ಯತ್ಯಾಸ ತೋರಿಸ್ತಾ ಇದೆ, ಆ ಮೂವರದ್ದೇ. ಚಿಕ್ಕಪ್ಪ ಅಟ್ಟದ ಮೇಲೆ ಹಳೇ ಖಾತೆ ಪುಸ್ತಕ ಹುಡುಕ್ತಾ ಇದ್ದಾನೆ.