ಕೇಸ್ ಶೀಟಿನಲ್ಲಿ ನಾನು ಬರೆದ ಒಂದು ಸಾಲು

ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಉಪಶಮನ ಆರೈಕೆಯ ವಾರ್ಡಿನಲ್ಲಿ ನರ್ಸ್ ಆಗಿ ಸೇರಿದ ಮೊದಲ ವರ್ಷ, ಒಬ್ಬ ರೋಗಿಯ ಕೇಸ್ ಶೀಟಿನಲ್ಲಿ ಹೀಗೆ ಬರೆದೆ: ‘ಮಾತ್ರೆಗಾಗಿ ಪದೇ ಪದೇ ಪೀಡಿಸುತ್ತಾರೆ. ಚಟದ ಅನುಮಾನ.’

ಅವರು ಅರವತ್ತು ದಾಟಿದ ರೈತರು. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಅಫೀಮಿನಿಂದ ತಯಾರಿಸುವ ಬಲವಾದ ನೋವುನಿವಾರಕ ಮಾರ್ಫಿನ್, ಹತ್ತು ಮಿಲಿಗ್ರಾಂ ಮಾತ್ರೆ ದಿನಕ್ಕೆ ಮೂರು ಬಾರಿ: ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10. ಬೆಳಿಗ್ಗೆ ಹತ್ತೂವರೆಗೆಲ್ಲ ಅವರ ಕಣ್ಣು ಗೋಡೆ ಗಡಿಯಾರಕ್ಕೆ ಅಂಟಿಕೊಂಡಿರುತ್ತಿತ್ತು. ‘ತಾಯೀ, ಇನ್ನೊಂದು ಕೊಡಮ್ಮ’ ಎನ್ನುತ್ತಿದ್ದರು. ‘ಎರಡು ಗಂಟೆಗೆ ಕೊಡುತ್ತೇನೆ, ಯಜಮಾನರೇ’ ಎಂದು ನಾನು ಮುಂದಿನ ಹಾಸಿಗೆಗೆ ಹೋಗುತ್ತಿದ್ದೆ. ನನ್ನ ಸಾಲನ್ನು ಓದಿದ ರಾತ್ರಿ ಪಾಳಿಯವರು ಅವರನ್ನು ಗದರಿಸಿಯೂ ಬಿಟ್ಟರು.

ಮೂರನೆಯ ದಿನ ಹಿರಿಯ ವೈದ್ಯರು ಸ್ಟೂಲ್ ಎಳೆದುಕೊಂಡು ಅವರ ಪಕ್ಕ ಕುಳಿತು, ಮಾತ್ರೆ ನುಂಗಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರು. ‘ಎದ್ದು ಕೂರುತ್ತೇನೆ, ಊಟ ಮಾಡುತ್ತೇನೆ, ಇವಳ ಜೊತೆ ನಾಲ್ಕು ಮಾತಾಡುತ್ತೇನೆ. ಆಮೇಲೆ ಸೊಂಟದಲ್ಲಿ ಬೆಂಕಿ ಹತ್ತುತ್ತದೆ, ಗೋಡೆಗೆ ಮುಖ ಮಾಡಿ ಮಲಗುತ್ತೇನೆ.’ ವೈದ್ಯರು ನನ್ನತ್ತ ತಿರುಗಿದರು: ‘ಈ ಮಾತ್ರೆಯ ಬಲ ಸುಮಾರು ನಾಲ್ಕು ಗಂಟೆ. ನಾವು ಎಂಟು ಗಂಟೆಗೊಮ್ಮೆ ಕೊಡುತ್ತಿದ್ದೇವೆ. ಉಳಿದ ನಾಲ್ಕು ಗಂಟೆ ಇವರು ಏನು ಮಾಡಬೇಕು, ಸಿಸ್ಟರ್?’

ನಾಲ್ಕು ಗಂಟೆಗೊಮ್ಮೆ ಮಾತ್ರೆ, ರಾತ್ರಿ ನಿದ್ದೆ ಕೆಡದಂತೆ ಮಲಗುವಾಗ ಎರಡು ಪಟ್ಟು, ಮಲಬದ್ಧತೆಗೆ ಬೇರೊಂದು ಔಷಧ ಎಂದು ಚೀಟಿ ಬದಲಾಯಿತು. ಎರಡು ದಿನಗಳ ನಂತರ, ಸಮಯವಾಯಿತೆಂದು ನಾನೇ ಅವರಿಗೆ ನೆನಪಿಸಬೇಕಾಯಿತು. ಅವರು ಕಿಟಕಿಯ ಬಳಿ ಕುಳಿತು ಹೆಂಡತಿಗೆ ರಾಗಿ ಕಟಾವಿನ ಲೆಕ್ಕ ಹೇಳುತ್ತಿದ್ದರು.

ಚಟ ಹಿಡಿದವರಲ್ಲಿ ಹೀಗಾಗುವುದಿಲ್ಲ. ಅದನ್ನೂ ಇದೇ ಕೆಲಸದಲ್ಲಿ ನೋಡಿದ್ದೇನೆ. ಬೆನ್ನುನೋವಿಗೆಂದು ಮಾರ್ಫಿನ್ ಜಾತಿಯದೇ ಆದ ಟ್ರಮಡಾಲ್ ಮಾತ್ರೆ ಶುರುಮಾಡಿದ್ದ ಯುವಕನೊಬ್ಬ ಮೂವರು ವೈದ್ಯರಿಂದ ಬೇರೆ ಬೇರೆ ಚೀಟಿ ಬರೆಸಿಕೊಳ್ಳುತ್ತಿದ್ದ. ಡೋಸ್ ಏರಿದಂತೆ ಅವನ ಬದುಕು ಕುಗ್ಗಿತು. ಕೆಲಸ ಹೋಯಿತು, ಮನೆಯವರೊಡನೆ ಮಾತು ನಿಂತಿತು. ಹಾನಿಯಾಗುತ್ತಿದೆ ಎಂದು ಅವನಿಗೇ ಗೊತ್ತಿತ್ತು, ಬಿಡಲು ಆಗುತ್ತಿರಲಿಲ್ಲ. ಅವನನ್ನೂ ಗದರಿಸಬಾರದು. ಅವನದೂ ಕಾಯಿಲೆಯೇ, ಚಿಕಿತ್ಸೆ ಬೇರೆ. ಅವನ ಬೆನ್ನುನೋವೂ ಸುಳ್ಳಾಗಿರಲಿಲ್ಲ.

ಮಾರ್ಫಿನ್ ಒಮ್ಮೆಲೇ ನಿಲ್ಲಿಸಿದರೆ ಮೈ ನಡುಗುತ್ತದೆ, ಬೆವರುತ್ತದೆ. ಇದನ್ನು ಕಂಡೇ ಮನೆಯವರು ‘ಚಟ ಹತ್ತಿದೆ’ ಎಂದು ಹೆದರಿ ಮಾತ್ರೆ ಬಚ್ಚಿಡುತ್ತಾರೆ. ಅದು ದೇಹ ಔಷಧಕ್ಕೆ ಒಗ್ಗಿಕೊಂಡದ್ದರ ಗುರುತು. ಬಹುಕಾಲ ತೆಗೆದುಕೊಂಡ ಸ್ಟಿರಾಯ್ಡ್ ಅನ್ನೂ ನಾವು ಹಂತಹಂತವಾಗಿಯೇ ಇಳಿಸುತ್ತೇವಲ್ಲ.

ಹೆದರಿಕೆಗೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. ಅಮೆರಿಕದಲ್ಲಿ 1996ರಿಂದ ಇದೇ ಜಾತಿಯ ನೋವಿನ ಮಾತ್ರೆ ಆಕ್ಸಿಕಾಂಟಿನ್ ಅನ್ನು ಚಟದ ಅಪಾಯ ಕಡಿಮೆ ಎಂದು ಹೇಳಿ ಮಾರಿದ್ದರ ಫಲವನ್ನು ಆ ದೇಶ ಇನ್ನೂ ಉಣ್ಣುತ್ತಿದೆ. ವರ್ಷಗಟ್ಟಲೆ ಕಾಡುವ ಸಾಧಾರಣ ಬೆನ್ನುನೋವಿಗೆ ಇಂಥ ಔಷಧ ಮೊದಲ ದಾರಿಯಲ್ಲ. ವ್ಯಾಯಾಮ, ಫಿಸಿಯೋಥೆರಪಿ ಮೊದಲು ಬರಬೇಕು. ಆದರೆ ನಮ್ಮ ವಾರ್ಡಿನ ಸಂಕಟ ಬೇರೆಯೇ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಿಂದಲೇ ಅಫೀಮು ಬೆಳೆಯುವ ದೇಶ ನಮ್ಮದು. ಆದರೂ 1985ರ ಮಾದಕ ದ್ರವ್ಯ ಕಾಯ್ದೆಯ ಬಿಗಿಗೆ ಅಂಜಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ನಿಯಮಗಳನ್ನು ಸರಳಗೊಳಿಸಿತು. ಆದರೆ ನಮ್ಮಂಥವರ ಮನಸ್ಸಿನ ಅನುಮಾನವನ್ನು ಕಾನೂನು ತಿದ್ದಲಾರದು. ಬೀರುವಿನಲ್ಲಿ ಮಾತ್ರೆ ಇದ್ದೂ ನಾನು ಒಬ್ಬರನ್ನು ನರಳಿಸಿದೆ.

ಕೇಸ್ ಶೀಟಿನಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಆ ಸಾಲಿನ ಕೆಳಗೆ ದಿನಾಂಕ ಹಾಕಿ ಬರೆದೆ: ‘ನೋವು ಹತ್ತರಲ್ಲಿ ಎರಡು. ಊಟ ಮಾಡಿದರು. ಮಾತ್ರೆ ಕೇಳಲಿಲ್ಲ, ಸಮಯಕ್ಕೆ ಕೊಡಲಾಗಿದೆ.’